ಪದವಿಯೂ ದುಡಿಮೆಯೂ

2015ನೆಯ ಇಸವಿಯಲ್ಲಿ ಉತ್ತರ ಪ್ರದೇಶದ ಸಚಿವಾಲಯವು 368 ಜವಾನರ ಹುದ್ದೆಗಳಿಗೆ ಅರ್ಜಿಗಳನ್ನು ಕರೆದಿತ್ತು. ಐದನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು, ಸೈಕಲ್ಲು ತುಳಿಯಲು ಬರಬೇಕು. ಕೇಳಿದ್ದ ಯೋಗ್ಯತೆ ಇಷ್ಟೇ. ಬಂದ ಅರ್ಜಿಗಳಾದರೋ ಸುಮಾರು 23 ಲಕ್ಷ. ಒಂದೊಂದು ಹುದ್ದೆಗೆ ಆರು ಸಾವಿರಕ್ಕೂ ಮಿಕ್ಕಿದ ಉಮೇದುವಾರರು! ಅವರಲ್ಲಿ ಪದವೀಧರರು ಲಕ್ಷಗಟ್ಟಲೆ. ಡಾಕ್ಟರೇಟು ಪಡೆದವರೇ 255 ಮಂದಿ. ಈ ಸುದ್ದಿಯನ್ನೋದಿ ನಕ್ಕವರುಂಟು, ಮರುಗಿದವರುಂಟು. ಆದರೆ ನಗುವುದಕ್ಕೂ ಮರುಗುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಡಾಕ್ಟರೇಟು ಪಡೆದ ಜವಾನನು ಐದನೆಯ ತರಗತಿ ಓದಿದ ಜವಾನನಿಗಿಂತ ಹೆಚ್ಚು ಚೆನ್ನಾಗಿ ಕಡತವನ್ನು ಮುಟ್ಟಿಸುವನೇ? ಇಲ್ಲವೆಂದಾದರೆ ಅಷ್ಟು ವರ್ಷಗಳ ವಿದ್ಯೆಗೆ ಸುರಿದ ಹಣ, ಸವೆಸಿದ ಹರೆಯ, ಹೆತ್ತವರು ಸುರಿಸಿದ ಬೆವರು ಇವೆಲ್ಲ ಯಾವ ಲೆಕ್ಕಕ್ಕೆ ಸೇರಬೇಕು?

ಓದಿದಷ್ಟೂ ಕೆಲಸ ಚೆನ್ನಾಗುತ್ತದೆಂಬುದು ನಮ್ಮಲ್ಲಿ ಬಹುಮಂದಿಯ ನಂಬಿಕೆ. ಕಾರ್ಖಾನೆಯ ಮಾಲಿಕನೂ ಕಚೇರಿಯ ಅಧಿಕಾರಿಯೂ ಉಮೇದುವಾರನ ಕೈಗಳನ್ನು ನೋಡುವ ಮೊದಲು ಅವನ ಸರ್ಟಿಫಿಕೇಟನ್ನು ನೋಡುವುದು ಈ ನಂಬಿಕೆಯಿಂದಲೇ. ಇದಕ್ಕೆ ಎದುರಾಗಿ, ಶಾಲೆಯ ಓದಿಗೂ ದಿನದ ದುಡಿಮೆಗೂ ಸಂಬಂಧವೇ ಇಲ್ಲ, ನಾಲ್ಕಕ್ಷರ ಕಲಿತವನು ಮೈ ಬಗ್ಗಿಸುವುದನ್ನು ಮರೆಯುತ್ತಾನೆ ಎನ್ನುವವರೂ ಇದ್ದಾರೆ. ನಮ್ಮ ಹಿರಿಯರು ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ಎರಡನ್ನೂ ತೂಗಿ ಹೇಳಿದರು. ಆ ಒಕ್ಕಾಲು ಎಲ್ಲಿ ಫಲಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಕಳೆದ ಅರುವತ್ತು ವರ್ಷಗಳಲ್ಲಿ ಲೋಕದ ಅರ್ಥಶಾಸ್ತ್ರಜ್ಞರು ಬಹುಮಟ್ಟಿಗೆ ಶೋಧಿಸಿದ್ದಾರೆ. ಅದರ ಸಾರವನ್ನು ವಾಚಕರ ಮುಂದಿಟ್ಟು, ನಮ್ಮ ನಾಡು ಅದರಿಂದ ಕಲಿಯತಕ್ಕದ್ದೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ನಂಬಿಕೆಯ ಮೂಲವನ್ನು ನೆನೆಯುವುದು ಯುಕ್ತ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಒಂದು ನಿರ್ಣಯವನ್ನು ಹೊರಡಿಸಿ, ಹೊಸ ಮಾದರಿಯ ವಿದ್ಯಾಲಯಗಳಲ್ಲಿ ಓದಿದವರಿಗೆ ಸರಕಾರದ ಚಾಕರಿಯಲ್ಲಿ ಮುಂಗಡ ಸಲ್ಲಬೇಕೆಂದು ವಿಧಿಸಿದನು. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದುವು. ಅಂದಿನಿಂದ ಪದವಿಯೆಂಬುದು ಜ್ಞಾನದ ಗುರುತಾಗುವುದಕ್ಕಿಂತ ಹೆಚ್ಚಾಗಿ ಕಚೇರಿಯ ಬಾಗಿಲಿನ ಬೀಗದ ಕೈಯಾಯಿತು. ಪರಕೀಯ ಸರಕಾರಕ್ಕೆ ಬೇಕಾಗಿದ್ದುದು ಗುಮಾಸ್ತರು. ಅದಕ್ಕೆ ತಕ್ಕಂತೆ ಜನರು ಗುಮಾಸ್ತಗಿರಿಗಾಗಿ ಓದಿದರು. ಆ ಸರಕಾರ ಹೋಗಿ ಮುಕ್ಕಾಲು ಶತಮಾನ ಕಳೆದರೂ, ಓದುವುದು ನೌಕರಿಗಾಗಿ, ನೌಕರಿಯೆಂದರೆ ಕುರ್ಚಿ ಎಂಬ ಭಾವನೆ ನಮ್ಮನ್ನು ಬಿಟ್ಟಿಲ್ಲ.

ಇನ್ನು ಶಾಸ್ತ್ರಜ್ಞರ ಮಾತು. ಅಮೇರಿಕದ ಥಿಯೊಡೋರ್ ಶುಲ್ಟ್ಸ್ ಹಾಗೂ ಗ್ಯಾರಿ ಬೆಕರ್ ಎಂಬ ಪಂಡಿತರು 1960ರ ದಶಕದಲ್ಲಿ ಒಂದು ತತ್ತ್ವವನ್ನು ಮುಂದಿಟ್ಟರು. ಯಂತ್ರಕ್ಕೆ ಹಾಕಿದ ಹಣದಂತೆಯೇ ಮನುಷ್ಯನ ವಿದ್ಯೆಗೆ ಹಾಕಿದ ಹಣವೂ ಒಂದು ಬಂಡವಾಳ. ಓದು ಕೆಲಸಗಾರನ ಸಾಮರ್ಥ್ಯವನ್ನು ಬೆಳೆಸುತ್ತದೆ, ಬೆಳೆದ ಸಾಮರ್ಥ್ಯಕ್ಕೆ ಹೆಚ್ಚಿನ ಸಂಬಳ ಸಲ್ಲುತ್ತದೆ ಎಂಬುದು ಅದರ ತಿರುಳು. 1973ರಲ್ಲಿ ಮೈಕೆಲ್ ಸ್ಪೆನ್ಸ್ ಎಂಬ ಇನ್ನೊಬ್ಬರು ಬೇರೊಂದು ಮಾತನ್ನಾಡಿದರು. ಮಾಲಿಕನಿಗೆ ಉಮೇದುವಾರನ ಒಳಗಿನ ಗುಣ ಕಾಣಿಸುವುದಿಲ್ಲ. ಕಷ್ಟವಾದ ಪರೀಕ್ಷೆಗಳನ್ನು ದಾಟಿ ಬಂದವನು ಜಾಣನೂ ಶ್ರಮಜೀವಿಯೂ ಆಗಿರಬೇಕೆಂದು ಅವನು ಊಹಿಸಿಕೊಳ್ಳುತ್ತಾನೆ. ಹೀಗೆ ಪದವಿಯು ಏನನ್ನೂ ಕಲಿಸದಿದ್ದರೂ ಗುರುತುಚೀಟಿಯಾಗಿ ಬೆಲೆ ಪಡೆಯಬಹುದು. ಶುಲ್ಟ್ಸ್ 1979ರಲ್ಲಿ, ಬೆಕರ್ 1992ರಲ್ಲಿ, ಸ್ಪೆನ್ಸ್ 2001ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ವಿವಾದವಿಷ್ಟೇ: ಶಾಲೆಯು ಚಿನ್ನವನ್ನು ಪುಟವಿಡುವ ಕುಲುಮೆಯೋ, ಅಥವಾ ಮೊದಲೇ ಇರುವ ಚಿನ್ನವನ್ನು ಗುರುತಿಸುವ ಒರೆಗಲ್ಲೋ? ಒರೆಗಲ್ಲಿಗೂ ಉಪಯೋಗವಿದೆ. ಆದರೆ ಎಷ್ಟು ಸಲ ಉಜ್ಜಿದರೂ ಅದು ಚಿನ್ನವನ್ನು ಹೆಚ್ಚಿಸಲಾರದು; ಬದಲಾಗಿ ಉಜ್ಜಿದಷ್ಟೂ ಸವೆಯುವುದು ಚಿನ್ನವೇ.

ಕುಲುಮೆಯ ಪಕ್ಷಕ್ಕೆ ಬಲವಾದ ಸಾಕ್ಷ್ಯ ದೊರೆಯುವುದು ಹೊಲದಲ್ಲಿ. ಹೊಲವು ಯಾರ ಸರ್ಟಿಫಿಕೇಟನ್ನೂ ಕೇಳುವುದಿಲ್ಲ. ಅಲ್ಲಿ ಮೆಚ್ಚಿಸಬೇಕಾದ ಮಾಲಿಕನಿಲ್ಲ. ಆದುದರಿಂದ ಓದಿದ ರೈತನ ಹೊಲ ಹೆಚ್ಚು ಬೆಳೆದರೆ ಅದು ಓದಿನ ನಿಜವಾದ ಫಲವೆಂದೇ ತಿಳಿಯಬೇಕು. ಬಡ ದೇಶಗಳ ರೈತರನ್ನು ಕುರಿತು ನಡೆದ ಅನೇಕ ಪರಿಶೀಲನೆಗಳನ್ನು 1980ರಲ್ಲಿ ಲಾಕ್‌ಹೀಡ್, ಜೇಮಿಸನ್, ಲಾವು ಎಂಬ ಮೂವರು ಒಟ್ಟುಗೂಡಿಸಿ ನೋಡಿದರು. ನಾಲ್ಕು ವರ್ಷ ಶಾಲೆಗೆ ಹೋದ ರೈತನ ಉತ್ಪತ್ತಿ, ಹೋಗದವನ ಉತ್ಪತ್ತಿಗಿಂತ ಸರಾಸರಿ ನೂರಕ್ಕೆ ಎಂಟೊಂಬತ್ತರಷ್ಟು ಹೆಚ್ಚಾಗಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ಹೊಸ ಬೀಜ, ಹೊಸ ಗೊಬ್ಬರ, ಹೊಸ ಪದ್ಧತಿಗಳು ಕಾಲಿಟ್ಟಿದ್ದ ಕಡೆಗಳಲ್ಲಿ ಈ ಲಾಭ ನೂರಕ್ಕೆ ಹತ್ತರಷ್ಟಿತ್ತು. ಅಜ್ಜನ ಕಾಲದ ಬೇಸಾಯವೇ ನಡೆದಿದ್ದ ಕಡೆಗಳಲ್ಲಿ ಅದು ನೂರಕ್ಕೆ ಒಂದರ ಆಸುಪಾಸಿನಲ್ಲಿತ್ತು. ನಮ್ಮ ದೇಶದ ಹಸುರು ಕ್ರಾಂತಿಯ ವರ್ಷಗಳನ್ನು ಕುರಿತು ಫೋಸ್ಟರ್ ಮತ್ತು ರೋಸೆನ್‌ಜ್ವೈಗ್ ಎಂಬವರು 1996ರಲ್ಲಿ ಪ್ರಕಟಿಸಿದ ಶೋಧನೆಯೂ ಇದನ್ನೇ ಹೇಳುತ್ತದೆ. ಸುಧಾರಿಸಿದ ತಳಿಗಳು ಬೇಗನೆ ಹರಡಿದ ಪ್ರಾಂತಗಳಲ್ಲಿ ಪ್ರಾಥಮಿಕ ಶಾಲೆ ಕಲಿತ ರೈತನಿಗೆ ದೊರೆತ ಲಾಭ ಹೆಚ್ಚಿತು. ಅದನ್ನು ಕಂಡು ಜನರು ಮಕ್ಕಳನ್ನು ಶಾಲೆಗೆ ಕಳುಹಿಸುವುದೂ ಹೆಚ್ಚಿತು.

ಇದರ ತಾತ್ಪರ್ಯ ಸ್ಪಷ್ಟವಾಗಿದೆ. ನೇಗಿಲು ಹಿಡಿಯಲು ಅಕ್ಷರ ಬೇಡ. ಹಿಡಿಯುವ ಕ್ರಮ ಬದಲಾಗಬೇಕಾದಾಗ ಅಕ್ಷರ ಬೇಕು. ಓದು ಕೈಗೆ ಬಲ ಕೊಡುವುದಿಲ್ಲ. ಹೊಸದನ್ನು ಕಂಡಾಗ ಹೆದರದೆ, ಮೋಸಹೋಗದೆ, ಅದನ್ನು ಪರೀಕ್ಷಿಸಿ ತನ್ನದಾಗಿಸಿಕೊಳ್ಳುವ ಶಕ್ತಿಯನ್ನು ಕೊಡುತ್ತದೆ. ಇದಕ್ಕೆ ನಮ್ಮ ಊರುಗಳ ಬೀದಿಯಲ್ಲೇ ಉದಾಹರಣೆಯಿದೆ. ಹುಡುಗನಾಗಿದ್ದಾಗ ಸ್ಪ್ಯಾನರು ಹಿಡಿದ ಮೆಕ್ಯಾನಿಕ್ಕನು ಮೋಟಾರು ಸೈಕಲ್ಲಿನ ಸದ್ದು ಕೇಳಿಯೇ ಕಾರ್ಬುರೇಟರಿನ ದೋಷವನ್ನು ಹೇಳಬಲ್ಲವನಾಗಿದ್ದನು. ಆ ಕಿವಿಯ ಜಾಣ್ಮೆಯನ್ನು ಯಾವ ಕಾಲೇಜೂ ಕಲಿಸಿರಲಿಲ್ಲ. ಆದರೆ 2020ರ ಏಪ್ರಿಲಿನಿಂದ ಹೊಗೆಯ ನಿಯಮಗಳು ಬಿಗಿಯಾದುವು. ಹೊಸ ಗಾಡಿಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಬಹುಮಟ್ಟಿಗೆ ವಿದ್ಯುನ್ಮಾನದ ಇಂಧನ ಸಿಂಚನವು ಆಕ್ರಮಿಸಿತು. ಈಗ ದೋಷವು ಕಿವಿಗೆ ಕೇಳುವುದಕ್ಕಿಂತ ಮೊದಲು ಪರದೆಯ ಮೇಲೆ ಅಂಕೆಯಾಗಿ ಮೂಡುತ್ತದೆ. ಏಳೆಂಟು ತರಗತಿ ಓದಿದವನು ಕೈಪಿಡಿ ತೆರೆದು ಆ ಅಂಕೆಯ ಅರ್ಥವನ್ನು ಹುಡುಕುತ್ತಾನೆ. ಅಕ್ಷರ ತಿಳಿಯದವನು ಮೂವತ್ತು ವರ್ಷಗಳ ಅನುಭವವನ್ನು ಕೈಯಲ್ಲಿಟ್ಟುಕೊಂಡು ಪಕ್ಕಕ್ಕೆ ನಿಲ್ಲಬೇಕಾಗುತ್ತದೆ. ಅವನ ಅನುಭವ ಸುಳ್ಳಾಗಲಿಲ್ಲ. ಅದನ್ನು ಹೊಸ ದಡಕ್ಕೆ ದಾಟಿಸುವ ದೋಣಿ ಅವನಲ್ಲಿರಲಿಲ್ಲ.

ಶಾಲೆಗಳನ್ನು ಹೆಚ್ಚಿಸಿದರೆ ಬಡವರ ಗಳಿಕೆ ಹೆಚ್ಚುವುದೇ ಎಂಬುದಕ್ಕೆ ಇಂಡೊನೇಶಿಯದ ಅನುಭವವೂ ಗಮನಾರ್ಹವಾಗಿದೆ. ಆ ದೇಶವು 1973ರಿಂದ ಕೆಲವೇ ವರ್ಷಗಳಲ್ಲಿ ತೈಲದ ಆದಾಯದಿಂದ 61 ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಆ ಶಾಲೆಗಳಲ್ಲಿ ಓದಿದ ಹುಡುಗರು ದೊಡ್ಡವರಾದ ಮೇಲೆ ಅವರ ಗಳಿಕೆಯನ್ನು ಎಸ್ತರ್ ಡುಫ್ಲೊ ಅವರು ಲೆಕ್ಕ ಹಾಕಿದರು. ಒಂದೊಂದು ವರ್ಷದ ಹೆಚ್ಚಿನ ಓದಿಗೆ ಕೂಲಿಯು ನೂರಕ್ಕೆ ಸುಮಾರು ಏಳರಿಂದ ಹತ್ತರಷ್ಟು ಏರಿತ್ತೆಂದು 2001ರಲ್ಲಿ ಅವರು ತೋರಿಸಿದರು. ಶಾಲೆಯ ಮೊದಲ ವರ್ಷಗಳ ವಿದ್ಯೆ ರಾಷ್ಟ್ರಕ್ಕೆ ವ್ಯರ್ಥವಾದ ವೆಚ್ಚವಲ್ಲವೆಂಬುದಕ್ಕೆ ಇನ್ನು ಹೆಚ್ಚಿನ ಪ್ರಮಾಣ ಬೇಕಾಗಿಲ್ಲ.

ಹಾಗಾದರೆ ಓದು ಹೆಚ್ಚಿದಂತೆಲ್ಲ ಕೆಲಸವೂ ಹೆಚ್ಚುತ್ತ ಹೋಗುವುದೆಂದು ತೀರ್ಮಾನಿಸಬಹುದೇ? ಇಲ್ಲಿಯೇ ನಾವು ಎಚ್ಚರ ವಹಿಸಬೇಕು. ಅಮೇರಿಕದ ಉತ್ತರ ಕೆರೊಲಿನದಲ್ಲಿ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪೆನಿಯಿತ್ತು. ಅದು ಕೂಲಿ ವಿಭಾಗವೊಂದನ್ನು ಬಿಟ್ಟು ಮಿಕ್ಕ ವಿಭಾಗಗಳಿಗೆ ಸೇರಬೇಕಾದರೆ ಹೈಸ್ಕೂಲಿನ ಸರ್ಟಿಫಿಕೇಟು ಬೇಕೆಂದು 1955ರಲ್ಲಿ ನಿಯಮ ಮಾಡಿತು. ನೀಗ್ರೋ ಜನರಿಗೆ ಅಲ್ಲಿ ಕೂಲಿ ವಿಭಾಗವೊಂದೇ ಗತಿಯಾಗಿತ್ತು. ಒಳ್ಳೆಯ ಶಾಲೆಗಳ ಬಾಗಿಲು ಅವರಿಗೆ ಬಹುಕಾಲ ಮುಚ್ಚಿತ್ತಾದುದರಿಂದ ಆ ನಿಯಮದ ಭಾರವೂ ಅವರ ಮೇಲೆಯೇ ಬಿದ್ದಿತು. ಅವರಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಯೊಂದು ಬಹು ಬೋಧಪ್ರದವಾಗಿದೆ. ನಿಯಮವಾಗುವ ಮೊದಲೇ ಆ ವಿಭಾಗಗಳಲ್ಲಿ ಸೇರಿದ್ದ, ಹೈಸ್ಕೂಲು ಮುಗಿಸದ ಬಿಳಿಯ ಕೆಲಸಗಾರರು ತಮ್ಮ ಕೆಲಸವನ್ನು ತೃಪ್ತಿಕರವಾಗಿ ನಡೆಸುತ್ತಲೇ ಇದ್ದರು, ಬಡತಿಯನ್ನೂ ಪಡೆಯುತ್ತಿದ್ದರು! 1971ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಒಂದು ಯೋಗ್ಯತೆಯನ್ನು ವಿಧಿಸಿ ಜನರನ್ನು ಹೊರಗಿಡುವುದಾದರೆ ಆ ಯೋಗ್ಯತೆಗೂ ಆ ಕೆಲಸಕ್ಕೂ ಸಂಬಂಧವಿದೆಯೆಂದು ಮಾಲಿಕನೇ ತೋರಿಸಿಕೊಡಬೇಕೆಂದು ತೀರ್ಪಿತ್ತಿತು. ಸಂಬಂಧವಿಲ್ಲದ ಸರ್ಟಿಫಿಕೇಟು ಒರೆಗಲ್ಲೂ ಅಲ್ಲ, ಅದು ಅಡ್ಡಗೋಡೆ.

ಇದು ಪರದೇಶದ ಕಥೆಯೆಂದು ನಮ್ಮ ವಾಚಕರು ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಹತ್ತು ವರ್ಷ ಲೇತಿನ ಮೇಲೆ ದುಡಿದು, ಹೊಸಬರಿಗೆ ಕೆಲಸ ಕಲಿಸಿ, ಕೊನೆಗೆ ತನ್ನಿಂದಲೇ ಕಲಿತ ಡಿಪ್ಲೊಮಾ ಹುಡುಗನು ತನಗೇ ಮೇಲ್ವಿಚಾರಕನಾಗುವುದನ್ನು ನೋಡುವ ಕೆಲಸಗಾರರು ನಮ್ಮ ಔದ್ಯೋಗಿಕ ಬಡಾವಣೆಗಳಲ್ಲಿ ಇಲ್ಲವೇ? ಹಾಗೆಯೇ, ಪದವಿಯ ಬಲದಿಂದ ಕುರ್ಚಿಯೇರಿ ಒಂದು ಟಿಪ್ಪಣಿಯನ್ನು ನೆಟ್ಟಗೆ ಬರೆಯಲಾರದ ಗುಮಾಸ್ತರನ್ನು ಯಾವ ಅಧಿಕಾರಿ ಕಂಡಿಲ್ಲ? ಮೊದಲನೆಯವನಿಗೆ ಅನ್ಯಾಯವಾಯಿತು; ಎರಡನೆಯವನಿಂದ ಸಾರ್ವಜನಿಕರಿಗೆ ಅನ್ಯಾಯವಾಯಿತು. ಎರಡಕ್ಕೂ ಮೂಲ ಒಂದೇ: ಕೆಲಸವನ್ನು ಅಳೆಯಬೇಕಾದ ಕಡೆ ಕಾಗದವನ್ನು ಅಳೆದದ್ದು.

ಅಷ್ಟೇ ಅಲ್ಲ, ಕಾಗದದ ಹಿಂದಿನ ಓದು ಎಷ್ಟು ಗಟ್ಟಿಯೆಂಬುದೂ ಸಂದೇಹಾಸ್ಪದವಾಗಿದೆ. 2022ರಲ್ಲಿ ಗ್ರಾಮಾಂತರ ಭಾರತದಲ್ಲಿ ನಡೆದ ‘ಅಸರ್’ ಸಮೀಕ್ಷೆಯಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರದೆ ಹೋದರು. ಶಾಲೆಯಲ್ಲಿ ಕಳೆದ ವರ್ಷಗಳು ಬೇರೆ, ಕಲಿತ ವಿದ್ಯೆ ಬೇರೆ. ವರ್ಷಗಳನ್ನೆಣಿಸಿ ಹುದ್ದೆ ಕೊಡುವವರು ಇದನ್ನು ಮನದಟ್ಟುಮಾಡಿಕೊಳ್ಳಬೇಕು. ಓದಿದವನ ಯೋಗ್ಯತೆ ಹೀಗಿರಲು, ಕೆಲಸದ ಸ್ಥಳದ ವ್ಯವಸ್ಥೆಯ ಕಡೆಗೂ ಕಣ್ಣು ಹಾಯಿಸಬೇಕಲ್ಲವೇ?

ಕೆಲಸ ಕಡಿಮೆಯಾದಾಗಲೆಲ್ಲ ಕೆಲಸಗಾರನ ಅಜ್ಞಾನವನ್ನು ದೂರುವುದು ಮಾಲಿಕರ ಹಳೆಯ ಚಾಳಿ. ಮುಂಬಯಿಯ ಸಮೀಪದ ಬಟ್ಟೆ ಗಿರಣಿಗಳಲ್ಲಿ ನಿಕೊಲಸ್ ಬ್ಲೂಮ್ ಮೊದಲಾದ ಪಂಡಿತರು ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗವು ಈ ದೂರಿಗೆ ತಕ್ಕ ಉತ್ತರವಾಗಿದೆ. ಅಲ್ಲಿ ಕೆಲಸಗಾರರನ್ನು ಬದಲಿಸಲಿಲ್ಲ, ಅವರನ್ನು ಶಾಲೆಗೂ ಕಳುಹಿಸಲಿಲ್ಲ. ಯಂತ್ರಗಳನ್ನು ಕೆಡುವ ಮೊದಲೇ ನೋಡಿಕೊಳ್ಳುವುದು, ನೂಲಿನ ದಾಸ್ತಾನನ್ನು ಕ್ರಮವಾಗಿ ಇರಿಸುವುದು, ಬಟ್ಟೆಯ ದೋಷಗಳನ್ನು ದಿನದಿನವೂ ಬರೆದಿಟ್ಟು ಕಾರಣ ಹುಡುಕುವುದು, ನೆಲವನ್ನು ಶುಚಿಯಾಗಿಡುವುದು ಇಂಥ ಸಾಮಾನ್ಯ ಶಿಸ್ತುಗಳನ್ನು ಆಡಳಿತದವರಿಗೆ ಕಲಿಸಲಾಯಿತು. ಮೊದಲ ವರ್ಷದಲ್ಲೇ ಉತ್ಪಾದಕತೆ ನೂರಕ್ಕೆ ಹದಿನೇಳರಷ್ಟು ಏರಿತು. ಅದೇ ಕೈಗಳು, ಅದೇ ಮಗ್ಗಗಳು, ಬದಲಾದುದು ವ್ಯವಸ್ಥೆ. ಕೆಲಸಗಾರನ ಓದಿನ ಕೊರತೆಯೆಂದು ನಾವು ಕರೆಯುವುದರಲ್ಲಿ ಎಷ್ಟು ಭಾಗ ಮಾಲಿಕನ ಆಡಳಿತದ ಕೊರತೆಯೆಂಬುದನ್ನು ನಮ್ಮ ಉದ್ಯಮಿಗಳು ಆತ್ಮಪರೀಕ್ಷೆ ಮಾಡಿಕೊಳ್ಳಲಿ.

ಇನ್ನೊಂದು ಪ್ರಯೋಗ ನಮ್ಮ ಬೆಂಗಳೂರಿನದೇ. ಇಲ್ಲಿನ ಐದು ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆಯ ಹೆಣ್ಣುಮಕ್ಕಳಿಗೆ ಕೆಲಸದ ವೇಳೆಯಲ್ಲೇ ಒಂದು ತರಬೇತು ಕೊಡಲಾಯಿತು. ಕಲಿಸಿದ್ದು ಹೊಲಿಗೆಯನ್ನಲ್ಲ, ಧೈರ್ಯವಾಗಿ ಮಾತನಾಡುವುದು, ವೇಳೆಯನ್ನು ಹೊಂದಿಸಿಕೊಳ್ಳುವುದು, ತೊಡಕು ಬಂದಾಗ ಮೇಲಿನವರಿಗೆ ತಿಳಿಸುವುದು, ಜೊತೆಯವರೊಡನೆ ಕೂಡಿ ಕೆಲಸ ಮಾಡುವುದು ಇಂಥವನ್ನು. ತರಬೇತಾದವರ ಉತ್ಪಾದಕತೆ ಗಣನೀಯವಾಗಿ ಏರಿತು. ತರಬೇತಿಗೆ ಹಾಕಿದ ಹಣವು ಕೆಲವೇ ತಿಂಗಳುಗಳಲ್ಲಿ ಹಲವು ಪಾಲು ಹೆಚ್ಚಾಗಿ ಕಂಪೆನಿಗೆ ಮರಳಿತು. ಆದರೆ ಆ ಹೆಣ್ಣುಮಕ್ಕಳ ಕೂಲಿ ಏರಿದ್ದೆಷ್ಟು? ನೂರಕ್ಕೆ ಅರ್ಧದಷ್ಟು ಮಾತ್ರ! ಕಲಿಕೆಯು ದುಡಿಮೆಯನ್ನು ಹೆಚ್ಚಿಸುವುದು ನಿಜ. ಹೆಚ್ಚಿದ ದುಡಿಮೆಯ ಫಲ ದುಡಿದವರಿಗೇ ಸೇರುವುದೆಂಬ ಭರವಸೆ ಮಾತ್ರ ಇಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಲ್ಲಿ ಕೆಸರಾದ ಕೈಯೂ ಮೊಸರುಣ್ಣುವ ಬಾಯಿಯೂ ಒಬ್ಬರದೇ ಆಗಿರಬೇಕೆಂಬುದು ಹಿರಿಯರ ಇಂಗಿತ. ಆ ಎರಡೂ ಬೇರೆಬೇರೆಯವರದಾದರೆ ಕಲಿಯುವ ಆಸೆಯೇ ಬತ್ತಿಹೋಗುತ್ತದೆ.

ಕನ್ನಡನಾಡಿಗೆ ಈ ವಿಚಾರ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಆದರೆ ಅವರು ಪದವಿಗಳಲ್ಲಿಯೇ ತೃಪ್ತರಾಗಲಿಲ್ಲ. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ಹೊತ್ತ ಕಾಲದಲ್ಲಿ, ಪರದೇಶದ ನಿಪುಣರು ಮಾಡುತ್ತಿದ್ದ ಕೆಲಸಗಳಿಗೆ ಸಂಸ್ಥಾನದ ಜನರನ್ನೇ ಸಿದ್ಧಪಡಿಸುವುದಕ್ಕೆ ಶ್ರಮಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ದೊಡ್ಡ ಮೊತ್ತದ ಸಂಭಾವನೆಯನ್ನು ಕುಶಲ ಕೆಲಸಗಳನ್ನು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದು ಕೇಳಿಕೊಂಡರು. ಅದರ ಫಲವೇ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ. ಶಾಲೆ ಬೇಕು, ವಿಶ್ವವಿದ್ಯಾನಿಲಯವೂ ಬೇಕು, ಅವೆರಡರ ನಡುವೆ ಕೈಗೂ ಬುದ್ಧಿಗೂ ಗಂಟು ಹಾಕುವ ಮೂರನೆಯದೂ ಬೇಕೆಂಬುದನ್ನು ಆ ಮಹನೀಯರು ತಮ್ಮ ಗಳಿಕೆಯನ್ನಿತ್ತು ತೋರಿಸಿದರು. ದೈಹಿಕ ದುಡಿಮೆಗೆ ಕಾಯಕವೆಂಬ ಪೂಜ್ಯ ಹೆಸರನ್ನು ಹನ್ನೆರಡನೆಯ ಶತಮಾನದಲ್ಲೇ ಕೊಟ್ಟ ನಾಡಿನಲ್ಲಿ, ಕೈಗೆಲಸದ ಶಾಲೆಯೆಂದರೆ ಪರೀಕ್ಷೆಯಲ್ಲಿ ಸೋತವರ ಆಶ್ರಯವೆಂಬ ತಾತ್ಸಾರ ಬೆಳೆದುದು ಶೋಚನೀಯ.

ಈಗ ಆಗತಕ್ಕದ್ದೇನು? ಮೊದಲನೆಯದಾಗಿ, ಪ್ರಾಥಮಿಕ ವಿದ್ಯೆಯನ್ನು ಗಟ್ಟಿಗೊಳಿಸಬೇಕು. ಓದು, ಬರಹ, ಲೆಕ್ಕ ಈ ಮೂರು ಎಲ್ಲರಿಗೂ ನಿಜವಾಗಿ ಬರುವಂತಾದರೆ ಆಗುವ ಲಾಭವನ್ನು ಮೇಲಿನ ಯಾವ ಪದವಿಯೂ ತುಂಬಿಕೊಡಲಾರದು. ಎರಡನೆಯದಾಗಿ, ಸರಕಾರವೂ ಕಂಪೆನಿಗಳೂ ಪ್ರತಿಯೊಂದು ಹುದ್ದೆಗೆ ಕೇಳುವ ಯೋಗ್ಯತೆಯನ್ನು ಮರುವಿಮರ್ಶೆಗೆ ಒಳಪಡಿಸಬೇಕು. ಸೇತುವೆ ಕಟ್ಟುವವನಿಗೂ ಶಸ್ತ್ರಚಿಕಿತ್ಸೆ ಮಾಡುವವನಿಗೂ ಪದವಿ ಬೇಡವೆಂದು ನಾವು ಹೇಳುತ್ತಿಲ್ಲ. ಬೇಡದ ಕಡೆ ಅದನ್ನು ಕೇಳಿ ಬಡವರ ಮಕ್ಕಳನ್ನು ಸಾಲಕ್ಕೆ ನೂಕಬೇಡಿರೆನ್ನುತ್ತೇವೆ. ಮೂರನೆಯದಾಗಿ, ಅನುಭವದಿಂದ ಕಲಿತವನ ಕೆಲಸವನ್ನು ಎದುರಿನಲ್ಲೇ ಪರೀಕ್ಷಿಸಿ ಅದಕ್ಕೆ ಮಾನ್ಯತೆಯ ಮುದ್ರೆಯೊತ್ತುವ ಕ್ರಮ ಬಳಕೆಗೆ ಬರಬೇಕು, ಆ ಮುದ್ರೆಗೆ ಬಡತಿಯಲ್ಲಿ ಬೆಲೆ ಸಿಕ್ಕಬೇಕು. 1961ರ ಶಿಶಿಕ್ಷು ಕಾನೂನು ಕಾಗದದ ಮೇಲೆ ಉಳಿಯದೆ ಪ್ರತಿಯೊಂದು ಕಾರ್ಖಾನೆಯ ಅಂಗಳದಲ್ಲಿ ಜೀವಂತವಾಗಬೇಕು. ನಾಲ್ಕನೆಯದಾಗಿ, ಯಂತ್ರದ ಕೈಪಿಡಿಗಳೂ ಸುರಕ್ಷತೆಯ ಸೂಚನೆಗಳೂ ಕನ್ನಡದಲ್ಲಿ ದೊರೆಯಬೇಕು. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನ ಕೈಗೆ ಇಂಗ್ಲಿಷಿನ ಹೊತ್ತಗೆಯನ್ನಿತ್ತು, ಅವನು ಅನಕ್ಷರಸ್ಥನೆಂದು ಹೀಗಳೆಯುವುದು ಯಾವ ನ್ಯಾಯ? ಕೊನೆಯದಾಗಿ, ಕಲಿಕೆಯಿಂದ ಹೆಚ್ಚಿದ ಉತ್ಪತ್ತಿಯಲ್ಲಿ ಕಲಿತವನಿಗೂ ನ್ಯಾಯವಾದ ಪಾಲು ಸಲ್ಲಬೇಕು.

ತಂದೆತಾಯಿಗಳಿಗೂ ಒಂದು ಮಾತು. ಹೊಲವನ್ನು ಅಡವಿಟ್ಟು ಮಗನಿಗೆ ಪದವಿಯನ್ನು ಕೊಡಿಸುವಾಗ, ಆ ಪದವಿಯಿಂದ ಅವನು ಏನನ್ನು ಮಾಡಬಲ್ಲವನಾಗುವನೆಂದು ಒಮ್ಮೆ ಕೇಳಿರಿ. ಏನೆನಿಸಿಕೊಳ್ಳುವನೆಂದು ಕೇಳಿದರೆ ಸಾಲದು. ನಮ್ಮ ದೇಶದ ಕಾರ್ಮಿಕ ಸಮೀಕ್ಷೆಗಳಲ್ಲಿ ನಿರುದ್ಯೋಗದ ಪ್ರಮಾಣವು ನಿರಕ್ಷರಿಗಳಲ್ಲಿ ಅತ್ಯಲ್ಪವಾಗಿಯೂ ಪದವೀಧರರಲ್ಲಿ ಅದಕ್ಕಿಂತ ಹಲವು ಪಾಲು ಹೆಚ್ಚಾಗಿಯೂ ವರ್ಷ ವರ್ಷವೂ ಕಾಣುತ್ತಿದೆ. ನಿರಕ್ಷರಿಯ ಬಾಳು ಸುಖವಾಗಿದೆಯೆಂದು ಇದರ ಅರ್ಥವಲ್ಲ. ಅವನಿಗೆ ಕೆಲಸವಿಲ್ಲದೆ ಒಂದು ದಿನ ಕೂರುವ ಅನುಕೂಲವೂ ಇಲ್ಲವೆಂದು ಅರ್ಥ. ಪದವೀಧರನಾದರೋ ತನ್ನ ಕಾಗದಕ್ಕೆ ತಕ್ಕ ಕುರ್ಚಿಗಾಗಿ ಕಾದು ಕಾದು, ಕೊನೆಗೆ ಐದನೆಯ ತರಗತಿಯವನ ಸಾಲಿನಲ್ಲಿ ಬಂದು ನಿಲ್ಲುತ್ತಾನೆ. ನಿಂತು ಆ ಹುದ್ದೆಯನ್ನು ಪಡೆದರೆ, ಅದನ್ನೇ ನಂಬಿದ್ದ ಐದನೆಯ ತರಗತಿಯವನು ಎಲ್ಲಿಗೆ ಹೋಗಬೇಕು?

ವಿದ್ಯೆಯನ್ನು ನಾವು ಹಳಿಯುತ್ತಿಲ್ಲ. ವಿದ್ಯೆಯು ಮನುಷ್ಯನನ್ನು ಒಳ್ಳೆಯ ಕೆಲಸಗಾರನನ್ನಾಗಿ ಮಾಡುವುದಕ್ಕಷ್ಟೇ ಇರುವುದೂ ಅಲ್ಲ. ತನ್ನ ಹಕ್ಕನ್ನು ತಾನರಿಯಲು, ತನ್ನ ಸರಕಾರವನ್ನು ತಾನೇ ನಡೆಸಲು ಅದು ಬೇಕು. ಆ ಬೆಲೆಯನ್ನು ಯಾವ ಗಿರಣಿಯ ಲೆಕ್ಕದ ಪುಸ್ತಕವೂ ತೋರಿಸಲಾರದು. ನಮ್ಮ ಆಕ್ಷೇಪವಿರುವುದು ವಿದ್ಯೆಯ ಹೆಸರಿನಲ್ಲಿ ನಡೆಯುತ್ತಿರುವ ಕಾಗದದ ಪೂಜೆಗೆ ಮಾತ್ರ. ಮುಂದಿನ ಸಲ ಉಮೇದುವಾರನೊಬ್ಬನು ತಮ್ಮ ಮೇಜಿನ ಮುಂದೆ ನಿಂತಾಗ, ನಮ್ಮ ಅಧಿಕಾರಿಗಳೂ ಮಾಲಿಕರೂ ಸರ್ಟಿಫಿಕೇಟನ್ನು ಒಂದು ಗಳಿಗೆ ಬದಿಗಿಟ್ಟು, ‘ಈ ಕೆಲಸವನ್ನು ಮಾಡಿ ತೋರಿಸು’ ಎಂದು ಹೇಳುವರೆಂದು ಆಶಿಸುತ್ತೇವೆ.